ಎರಡನೇ ಮೈಕಿನ ಕಂಡೆನ್ಸರ್

1997ರಲ್ಲಿ ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಅಂಗಡಿ ಇತ್ತು. ಆ ಹೊತ್ತಿಗೆ ಸೌಂಡ್ ಸರ್ವಿಸ್‌ನವರು ಬಹುತೇಕ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸೆಟ್ಟಿಗೆ ಹೋಗಿಯಾಗಿತ್ತು. ಗಾಜಿನ ವಾಲ್ವ್‌ಗಳು ಕೆಂಪಗೆ ಕಾದ ಮೇಲಷ್ಟೇ ದನಿ ಕೊಡುವ ಹಳೆಯ ಸೆಟ್ಟುಗಳಿಗೆ ಕೈ ಹಾಕುವವರು ನಮ್ಮ ಕಡೆ ಕಡಿಮೆಯಾಗಿದ್ದರು. ಹಡಗಲಿ, ಹರಪನಹಳ್ಳಿಯಿಂದಲೂ ಸೆಟ್ಟು ಹೊತ್ತು ನನ್ನಲ್ಲಿಗೇ ಬರುತ್ತಿದ್ದರು. ಅದರ ಜಂಬವೂ ನನಗೆ ಸಾಕಷ್ಟಿತ್ತು.

ಇಮಾಮ್‌ಸಾಬರು ಕೂಡ್ಲಿಗಿಯವರು. ಹಳ್ಳಿ ನಾಟಕಗಳಿಗೆ ಮೈಕು, ಹಾರ್ನ್ ಬಾಡಿಗೆಗೆ ಕೊಡುತ್ತಿದ್ದರು. ಒಂದು ಮಧ್ಯಾಹ್ನ ತಮ್ಮ ವಾಲ್ವ್ ಸೆಟ್ಟನ್ನು ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು ಬಂದರು. ಜೊತೆಗೆ ನಾಟಕದ ಸುಶೀಲಮ್ಮ ಇದ್ದರು. ಊರವರೇ ಕಟ್ಟಿ ಆಡುವ ನಾಟಕಗಳಲ್ಲಿ ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ನಮ್ಮ ಕಡೆಯ ರೂಢಿ. ಸುಶೀಲಮ್ಮನ ಹೆಸರು ನಿಂತಿದ್ದೇ ಹಾಡಿನ ಮೇಲೆ.

“ಗುಂಯ್ ಅಂತೈತಿ ನೋಡ್ರಿ. ಅದೊಂದು ತೆಗೀರಿ ಸಾಕು, ಬ್ಯಾರೆ ಏನೂ ಮುಟ್ಟಬ್ಯಾಡ್ರಿ,” ಎಂದರು ಸಾಬರು.

“ಮುಟ್ಟದ ಹೆಂಗ ರಿಪೇರಿ ಮಾಡ್ತಾರ?” ಸುಶೀಲಮ್ಮ ನಕ್ಕರು. “ನಮ್ಮಣ್ಣಗ ಈ ಡಬ್ಬಿ ಮ್ಯಾಲಿನ ಅಕ್ಕರಾಸ್ತಿ ಹೆಂಡ್ತಿ ಮ್ಯಾಲೂ ಇಲ್ಲರಿ.”

“ಹೆಂಡ್ತಿ ದನಿ ಕಮ್ಮಿ ಮಾಡಾಕ ತಿರುವೋ ಗುಬ್ಬಿ ಇಲ್ಲ ತಂಗಿ, ಇದಕ್ಕೈತಿ,” ಎಂದರು ಸಾಬರು. ಮೂವರೂ ನಕ್ಕೆವು. ಚಹಾ ಕುಡಿದು ಅವರಿಬ್ಬರೂ ಬಸ್ಸಿಗೆ ಹೋದರು.

ಸೆಟ್ಟು ಬಿಚ್ಚಿದೆ. ಆ ಗುಂಯ್ ಸದ್ದಿಗೆ ನಾವು ಹಮ್ ಎನ್ನುತ್ತೇವೆ. ವಿದ್ಯುತ್ತನ್ನು ಸಮ ಮಾಡುವ ದೊಡ್ಡ ಕಂಡೆನ್ಸರ್‌ಗಳು ಒಣಗಿದ್ದವು, ಬದಲಾಯಿಸಿದೆ. ಸೋರುತ್ತಿದ್ದ ಸಣ್ಣವನ್ನೂ ತೆಗೆದು ಹೊಸವನ್ನು ಹಾಕಿದೆ. ಹಮ್ ಹೋಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು.

ಎರಡು ಮೈಕುಗಳ ದಾರಿಯೂ ಒಂದೇ ತರಹ ಇರಬೇಕಾದ ಸೆಟ್ಟು ಅದು. ಆದರೆ ಎರಡನೆಯ ಮೈಕಿನ ವಾಲ್ವಿನಿಂದ ಭೂಮಿ ತಂತಿಗೆ 0.002 ಮೈಕ್ರೊಫ್ಯಾರಡ್‌ನ ಒಂದು ಕಂಡೆನ್ಸರ್ ಹೆಚ್ಚಿಗೆ ಕೂತಿತ್ತು. ಅದಿದ್ದರೆ ದನಿಯ ಚೂಪು ಭಾಗ, ಅಂದರೆ ಟ್ರೆಬಲ್, ಹಾರ್ನಿಗೆ ಹೋಗದೆ ಭೂಮಿ ತಂತಿಗೆ ಇಳಿದುಹೋಗುತ್ತದೆ. ಯಾವನೋ ಅರೆಬರೆ ಕಲಿತವನ ಕೈವಾಡ ಅಂದುಕೊಂಡು ಕಿತ್ತು ಹಾಕಿದೆ. ಮೈಕಿನ ಮುಂದೆ ನಾನೇ ಮಾತಾಡಿ ನೋಡಿದೆ. ಅಕ್ಷರ ಅಕ್ಷರ ಬಿಡಿಬಿಡಿಯಾಗಿ ಕೇಳಿಸಿತು. ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿಕೊಂಡೂ ಆಯಿತು.

ಸಾಬರು ಸೆಟ್ಟು ಒಯ್ದು ವಾರ ಕಳೆದಿರಲಿಲ್ಲ, ಇಬ್ಬರೂ ಅದನ್ನು ಹೊತ್ತು ತಿರುಗಿ ಬಂದರು. ಸುಶೀಲಮ್ಮನ ಕಣ್ಣುಗಳು ಊದಿಕೊಂಡಿದ್ದವು. ಹರಪನಹಳ್ಳಿ ಕಡೆಯ ಅರಸೀಕೆರೆ ಹತ್ತಿರದ ಹಳ್ಳಿಯೊಂದರ ನಾಟಕದಲ್ಲಿ ಮೊದಲ ಹಾಡಿಗೇ ಜನ ಸಿಳ್ಳೆ ಹೊಡೆದಿದ್ದರಂತೆ. ಎರಡನೆಯದಕ್ಕೆ ಯಾರೋ “ತಗಡು ಕೆರೀಬ್ಯಾಡವ್ವಾ” ಎಂದು ಕೂಗಿದರಂತೆ.

ಸಾಬರು ಜೋರು ಮಾಡಿದರು. “ಏನ್ ಮಾಡಿಟ್ಟೀರಿ ಮೇಸ್ತ್ರಿ? ಸೆಟ್ ಪೂರಾ ಕೆಡಿಸೀರಿ. ನಮ್ಮ ತಂಗಿ ದನಿ ಹೆಂಗೆಂಗೋ ಬಂತು. ತಪ್ಪು ನಿಮ್ಮದಾ ಐತಿ, ಹೌದಿಲ್ರಿ?”

ಪಕ್ಕದ ಸೈಕಲ್ ಅಂಗಡಿಯವರು ಇಣುಕಿ ನೋಡಿದರು. ನಾನು ಒಂದು ಸಲ ಹೂಂ ಅಂದಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಸಾಬರ ಕಣ್ಣು ಅದನ್ನೇ ಕೇಳುತ್ತಿತ್ತು. ಆದರೆ ನನ್ನ ಕೆಲಸದಲ್ಲಿ ಹುಳುಕು ತೆಗೆದರೆಂಬ ಸಿಟ್ಟು ನನ್ನ ತಲೆಗೇರಿತ್ತು.

“ಸೆಟ್ಟಿನಾಗ ದೋಷ ಇಲ್ರಿ,” ಎಂದೆ. “ಮೊದಲಾ ದೋಷ ಇತ್ತು. ಚೂಪು ದನಿ ತಿನ್ನೋ ಒಂದು ಕಂಡೆನ್ಸರ್ ಯಾರೋ ಹಚ್ಚಿದ್ರು, ತೆಗದೀನಿ. ಈಗ ಮೈಕಿನ ಮುಂದ ಏನ್ ಬರ್ತೈತಿ, ಹಾರ್ನಿನಾಗೂ ಅದಾ ಬರ್ತೈತಿ.”

ಸಾಬರು ಬೆಂಚಿನ ಮೇಲೆ ಕುಸಿದು ಕೂತರು. ಸುಶೀಲಮ್ಮ, “ಅದು ಎರಡೂ ಮೈಕಿಗಿತ್ತೇನ್ರಿ?” ಎಂದು ಕೇಳಿದರು.

“ಇಲ್ರಿ, ಎರಡನೇದಕ್ಕ ಅಷ್ಟಾ.”

ಆಗ ಆಕೆ ಸಾಬರ ಕಡೆ ತಿರುಗಿದರು. “ಅದಕ್ಕಾ ಏನಣ್ಣಾ, ಎಲ್ಲಿ ಹೋದ್ರೂ ‘ಹಾಡು ಬಂದಾಗ ಈ ಮೈಕಿಗೇ ಬಾ ತಂಗಿ’ ಅಂತಿದ್ದಿ?”

ಸಾಬರು ತಲೆ ತಗ್ಗಿಸಿದರು. “ಆಗೊಮ್ಮೆ ಜಡ್ಡಾಗಿ ಮಲಗಿ ಎದ್ದಾಗ ನಿನ್ನ ದನಿ ಒಡದಿತ್ತವಾ. ಹೇಳಿದ್ರ ನೀ ಹಾಡೂದಾ ಬಿಡ್ತಿದ್ದಿ. ಒಡಕು ಕೇಳಿಸಬಾರದಂತ ಅದನ್ನ ನಾನಾ ಹಚ್ಚಿದ್ದೆ.”

“ಇಷ್ಟು ವರ್ಷ ನಾನಾ ಹಾಡೀನಿ ಅಂತ ತಿಳಕೊಂಡಿದ್ನಲ್ಲೋ ಅಣ್ಣಾ.”

ಮೊದಲ ದಿನ ಬೇರೇನೂ ಮುಟ್ಟಬೇಡಿ ಎಂದಷ್ಟೇ ಅವರು ಹೇಳಿ ಸುಮ್ಮನಾದದ್ದು ಏಕೆಂದು ಆಗ ಹೊಳೆಯಿತು. ಆ ದಿನವೂ ಆಕೆ ಎದುರಿಗೇ ಕೂತಿದ್ದರು. ಆ ಗಳಿಗೆಯಲ್ಲೇ ಕಂಡೆನ್ಸರ್ ಹುಡುಕಿ ಬೆಸುಗೆ ಹಾಕಿದೆ. ಸೆಟ್ಟು ಕಾಯಿಸಿ, “ಒಂದು ಸಾಲು ಹಾಡಿ ನೋಡ್ರಿ ಅಕ್ಕಾ,” ಎಂದು ಮೈಕು ಹಿಡಿದೆ. ಹಾಡಿದರು. ಹಾರ್ನಿನಲ್ಲಿ ದನಿ ತುಪ್ಪದಂತೆ ಇಳಿಯಿತು. ಅರ್ಧಕ್ಕೇ ನಿಲ್ಲಿಸಿ, “ಚೆಂದೈತಿ. ಯಾರದೋ ಏನೋ,” ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು.

ಮುಂದಿನ ವರ್ಷ ಕಾನಹೊಸಹಳ್ಳಿಯಲ್ಲಿ ಅವರ ನಾಟಕ ಇದೆಯೆಂದು ತಿಳಿದು ಹೋಗಿದ್ದೆ. ನಾಯಕಿಯ ಪಾತ್ರ ಬೇರೆ ಯಾರದೋ ಆಗಿತ್ತು. ಸುಶೀಲಮ್ಮ ತಾಯಿಯ ಪಾತ್ರದಲ್ಲಿದ್ದರು. ಮಾತೆಲ್ಲ ಚೊಕ್ಕವಾಗಿ ಆಡಿದರು. ಜೋಗುಳದ ಜಾಗ ಬಂದಾಗ ಹಾರ್ಮೋನಿಯಂ ಒಂದೇ ನುಡಿಯಿತು. ಅವರು ತುಟಿ ಬಿಗಿದು ತೊಟ್ಟಿಲು ತೂಗಿದರು. ಎದ್ದು ಹೋಗಿ ಮಾತಾಡಿಸುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಯಾವ ಹಳೇ ಸೆಟ್ಟು ಬಂದರೂ, ಸರ್ಕ್ಯೂಟ್ ನಕ್ಷೆಯಲ್ಲಿಲ್ಲದ ಬಿಡಿಭಾಗ ಕಂಡರೆ ಒಡೆಯರನ್ನು ಒಬ್ಬರನ್ನೇ ಒಳಗೆ ಕರೆದು ಕೇಳುವುದನ್ನು ರೂಢಿ ಮಾಡಿಕೊಂಡೆ. ಗಿರಾಕಿ ನಾಲ್ಕು ಜನರ ಮುಂದೆ “ನೀವಾ ಕೆಡಿಸೀರಿ” ಅಂದರೆ, ನಿಜವಿರಲಿ ಸುಳ್ಳಿರಲಿ, “ಹೌದ್ರಿ, ಇಟ್ಟು ಹೋಗ್ರಿ, ನೋಡ್ತೀನಿ” ಅನ್ನುತ್ತೇನೆ. ಇಷ್ಟು ಅನ್ನುವುದಕ್ಕೆ ಒಬ್ಬ ರಿಪೇರಿಯವನಿಗೆ ಏನೂ ಖರ್ಚಾಗುವುದಿಲ್ಲ. ಅದನ್ನು ನಾನು ಸುಶೀಲಮ್ಮನ ಹಾಡು ಕಳೆದು ಕಲಿತೆ.