ರುದ್ರೇಶಪ್ಪನವರ ಬೆಂಕಿಗುಡ್ಡ

ಹಳಿಯಾಳದಲ್ಲಿ ಪಂಪ್‌ಸೆಟ್ ಮಾರುವ ರುದ್ರೇಶಪ್ಪನವರಿಗೆ ನಡಿಗೆಯ ವಿಷಯ ಬಂತೆಂದರೆ ಮಾತು ನಿಲ್ಲುತ್ತಿರಲಿಲ್ಲ. ಕಾಲು ಮಾತ್ರ ಬೇಗ ನಿಲ್ಲುತ್ತಿತ್ತು. ಪ್ರತಿ ವರ್ಷ ಊರಿನವರು ಬರಿಗಾಲಲ್ಲಿ ಉಳವಿ ಜಾತ್ರೆಗೆ ಹೊರಟಾಗ ಧ್ವಜ ಹಿಡಿದು ಮುಂದೆ ನಡೆಯುವ ಗೌರವ ಅವರದು. ಧ್ವಜ ಹಿಡಿದವರು ಹಾದಿಯಲ್ಲಿ ಗಾಡಿ ಹತ್ತಬಾರದು ಎಂಬುದೊಂದೇ ನೇಮ. ಹಳಿಯಾಳದ ಪೇಟೆಯಲ್ಲಿ ಅವರ ಹೆಜ್ಜೆಗೆ ಎತ್ತುಗಳೂ ಬದಿಗೆ ಸರಿಯುತ್ತಿದ್ದವು. ದಾಂಡೇಲಿ ದಾಟಿ ಕಾಡು ಶುರುವಾಗುತ್ತಲೇ ಅವರಿಗೆ ಅಡುಗೆ ಸಾಮಾನಿನ ಜೀಪಿನ ಚಿಂತೆ ಹತ್ತುತ್ತಿತ್ತು. ಅಕ್ಕಿ ಮೂಟೆ ನೋಡಿ ಬರುತ್ತೇನೆಂದು ಹೋದವರು ಉಳವಿ ಸಮೀಪಿಸಿದಾಗಲೇ ಇಳಿದು ಬಂದು ಮತ್ತೆ ಧ್ವಜ ಹಿಡಿಯುತ್ತಿದ್ದರು. ನಡುವಿನ ಕಾಡಿನಲ್ಲೆಲ್ಲ ಅದನ್ನು ಹಿಡಿದು ನಡೆಯುತ್ತಿದ್ದವರು ಅವರ ಹೆಂಡತಿ ನೀಲಕ್ಕ. ಇದು ಎಲ್ಲರಿಗೂ ಗೊತ್ತಿತ್ತು. ಹಿರಿಯರೆಂದು ಯಾರೂ ಆಡುತ್ತಿರಲಿಲ್ಲ.

ಪಕ್ಕದ ಸಾಂಬ್ರಾಣಿ ಊರಿನ ಈರೇಶ ಆಡಿಬಿಟ್ಟ. ಅವನೂ ಪಂಪ್‌ಸೆಟ್ ಮಾರುವವನೇ, ವಯಸ್ಸಿನಲ್ಲಿ ಚಿಕ್ಕವನು, ಧ್ವಜದ ಮೇಲೆ ಬಹಳ ದಿನಗಳಿಂದ ಕಣ್ಣಿಟ್ಟವನು. ಈ ಸಲವಾದರೂ ಧ್ವಜ ನಡೆಯುವವರ ಕೈಗೆ ಹೋಗಲಿ ಎಂದು ಮಠದ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಅಂದ. ಅದೇ ಹೊತ್ತಿಗೆ ಪಂಪಿನ ಕಂಪನಿಯವರು ಹೆಚ್ಚು ಮಾರಿದ ಅಂಗಡಿಕಾರರನ್ನು ಬಾಲಿ ದ್ವೀಪಕ್ಕೆ ಕರೆದೊಯ್ಯುವವರಿದ್ದರು. ಪಟ್ಟಿಯಲ್ಲಿ ಇವರಿಬ್ಬರ ಹೆಸರೂ ಇತ್ತು. ಅಲ್ಲಿಯ ಬತೂರ್ ಎಂಬ ಜ್ವಾಲಾಮುಖಿಯನ್ನು ಏರುವುದೂ ಪ್ರವಾಸದಲ್ಲಿ ಸೇರಿತ್ತು. ಆ ಬೆಂಕಿಗುಡ್ಡವನ್ನು ಬರಿಗಾಲಲ್ಲಿ ನಡೆದೇ ಏರುತ್ತೇನೆ, ಆಗದಿದ್ದರೆ ಧ್ವಜ ಬಿಡುತ್ತೇನೆ ಎಂದು ರುದ್ರೇಶಪ್ಪನವರು ಘೋಷಿಸಿದರು. ಬೆಂಕಿ ಉಗುಳುವ ಗುಡ್ಡವೆಂದರೆ ಶಿವನ ಹಣೆಗಣ್ಣು, ಅದರ ಮುಂದೆ ಬೂಟು ಹಾಕಿಕೊಂಡು ನಿಲ್ಲುವುದೇ ಎಂಬುದು ಅವರ ವಾದ.

ನೀಲಕ್ಕ ಚೀಲಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬುತ್ತ, "ಆ ಗುಡ್ಡಕ್ಕ ಜೀಪ್ ಹೋಗೂದಿಲ್ಲೇನ್ರಿ?" ಎಂದು ಕೇಳಿದರು. ರುದ್ರೇಶಪ್ಪನವರಿಗೆ ಅದು ಕೇಳಿಸಲಿಲ್ಲ.

ಬತೂರಿನ ಬುಡದಲ್ಲಿ ಅವರು ಹೊಸ ಬೂಟನ್ನು ಬಿಚ್ಚಿ, ಗುಡಿಯ ಹೊರಗೆ ಬಿಟ್ಟಂತೆ ಚಹಾದಂಗಡಿಯ ಮುಂದೆ ಜೋಡಿಸಿಟ್ಟರು. ದಾರಿ ತೋರಿಸಲು ಬಂದವನು ಎರಡೂ ಕೈ ಆಡಿಸಿ ಬೇಡವೆಂದ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ತಲೆಗೆ ಮಂಕಿ ಟೋಪಿ, ಇಂಥವರಿಗೆ ಹೇಳುವುದೇನು? ಉಳವಿ ಹಾದಿಯ ಮಣ್ಣು ಕಾಲಿಗೆ ಪರಿಚಯದ್ದು. ಇಲ್ಲಿಯ ಕರಿಕಲ್ಲಿನ ಚೂರುಗಳಿಗೆ ಹಳಿಯಾಳದ ದೊಡ್ಡವರು ಯಾರೆಂಬುದು ಗೊತ್ತಿರಲಿಲ್ಲ. ಮೊದಲ ತಿರುವಿನಲ್ಲೇ ಅವರು, ಮಂತ್ರ ಹೇಳಿಕೊಂಡು ನಿಧಾನವಾಗಿ ಬರುತ್ತೇನೆಂದು ಹೇಳಿ ಈರೇಶನನ್ನೂ ಅದೇ ಪ್ರವಾಸಕ್ಕೆ ಬಂದಿದ್ದ ದಾಂಡೇಲಿಯ ಗೆಳೆಯ ಪುಂಡಲೀಕನನ್ನೂ ಮುಂದೆ ಕಳಿಸಿದರು.

ಅವರು ಮರೆಯಾಗುವುದಕ್ಕೂ ಬೈಕಿನವನೊಬ್ಬ ಬಂದು ನಿಂತು ನಗುವುದಕ್ಕೂ ಸರಿಹೋಯಿತು. ಉಳವಿಗೆ ನಡೆಯುವವರಿಗೆ ಚಹಾ ಕೊಟ್ಟು, ಕಾಲೊತ್ತಿ ಕಳಿಸುವ ಭಕ್ತರು ಹಾದಿಯುದ್ದಕ್ಕೂ ಇರುತ್ತಾರೆ. ಅವರ ಸೇವೆಯನ್ನು ಬೇಡವೆನ್ನಬಾರದು. ಇವನೂ ಅಂಥ ಭಕ್ತನೇ ಎಂದು ರುದ್ರೇಶಪ್ಪನವರು ಮನಸ್ಸನ್ನು ಒಪ್ಪಿಸಿ ಹಿಂದೆ ಕುಳಿತರು. ಭಕ್ತನು ಮಂಕಿ ಟೋಪಿಯ ಮೇಲೆಯೇ ಹೆಲ್ಮೆಟ್ ಒತ್ತಿ ಪಟ್ಟಿ ಬಿಗಿದ. ಊರಲ್ಲಿ ಹೆಲ್ಮೆಟ್ ಹಾಕೆಂದ ಪೊಲೀಸರಿಗೂ ಬಗ್ಗದಿದ್ದ ತಲೆ ಅಲ್ಲಿ ಸುಮ್ಮನೆ ಬಗ್ಗಿತು. ಬೈಕು ಗುಡ್ಡದ ಇನ್ನೊಂದು ಮಗ್ಗುಲಿನಿಂದ ಏರಿತು.

ಮುಂದೆ ಹೋದ ಇಬ್ಬರೂ ಏದುಸಿರು ಬಿಡುತ್ತ ತುದಿ ಮುಟ್ಟಿದಾಗ, ಹೊಗೆಯಾಡುವ ಕುಳಿಯ ಅಂಚಿನಲ್ಲಿ ರುದ್ರೇಶಪ್ಪನವರು ಕಣ್ಣು ಮುಚ್ಚಿ ಪದ್ಮಾಸನದಲ್ಲಿ ಕುಳಿತಿದ್ದರು. ಪುಂಡಲೀಕನ ಕಣ್ಣು ತುಂಬಿ ಬಂತು. ಆ ಬರಿಗಾಲುಗಳನ್ನು ಮುಟ್ಟಿ ನಮಸ್ಕರಿಸಿದ. ಈರೇಶ ಮಾತ್ರ ನಿಂತೇ ನೋಡಿದ.

"ಅಣ್ಣಾರ, ನಡಕೋತ ಬಂದ್ರೇನು?"

"ಮತ್ತ ಹಾರಿ ಬಂದ್ನೇನು?"

"ಹಂಗಾರ ತಲಿ ಮ್ಯಾಲೆ ಏನೈತ್ರಿ ಅದು?"

ರುದ್ರೇಶಪ್ಪನವರ ಕೈ ತಲೆಗೆ ಹೋಯಿತು. "ಬೆಂಕಿಗುಡ್ಡ ಐತಲ್ಲೋ ತಮ್ಮಾ. ಕಲ್ಲು ಸಿಡೀತಾವಂತ ಹಾಕ್ಕೊಂಡೇನಿ."

ಅಷ್ಟರಲ್ಲಿ ಭಕ್ತನು ಹುಡುಕಿಕೊಂಡು ಬಂದು, ಪಟ್ಟಿ ಬಿಚ್ಚಿ ಹೆಲ್ಮೆಟ್ ತೆಗೆದುಕೊಂಡು ಬಾಡಿಗೆಗೆ ಕೈ ಚಾಚಿದ. ಪುಂಡಲೀಕ ತಾನು ಮುಟ್ಟಿದ ಕಾಲುಗಳನ್ನು ಇನ್ನೊಮ್ಮೆ ನೋಡಿದ.

ಹೆಲ್ಮೆಟ್ಟಿನ ಸುದ್ದಿ ವಿಮಾನಕ್ಕಿಂತ ಮೊದಲೇ ಹಳಿಯಾಳ ಮುಟ್ಟಿತ್ತು. ಮಠದ ಕಟ್ಟೆಯಲ್ಲಿ ರುದ್ರೇಶಪ್ಪನವರು ತಾವಾಗಿಯೇ ಧ್ವಜ ಒಪ್ಪಿಸಿದರು. ಅದಕ್ಕಾಗಿಯೇ ಹೊಸ ಬಿಳಿ ಅಂಗಿ ತೊಟ್ಟು ಬಂದಿದ್ದ ಈರೇಶ ಒಂದು ಹೆಜ್ಜೆ ಮುಂದೆ ಬಂದ. ಮಠದ ಹಿರಿಯರು ಅವನನ್ನು ದಾಟಿ ಹೋಗಿ ಧ್ವಜವನ್ನು ನೀಲಕ್ಕನ ಮುಂದೆ ಹಿಡಿದರು.

"ಕೊಡ್ರಿ, ಕೈಗೆ ರೂಢಿ ಐತಿ," ಎಂದು ಆಕೆ ತೆಗೆದುಕೊಂಡರು.

ಆ ವರ್ಷ ದಾಂಡೇಲಿ ದಾಟಿ ಕಾಡು ಶುರುವಾದಾಗ ಎಂದಿನ ಜಾಗದಲ್ಲಿ ಜೀಪು ನಿಂತಿತು. ಅಕ್ಕಿ ಮೂಟೆಯ ಚಿಂತೆ ಹತ್ತಿ ರುದ್ರೇಶಪ್ಪನವರು ಒಂದು ಕಾಲು ಮೇಲಿಟ್ಟಿದ್ದರು. ಧ್ವಜ ಹಿಡಿದಿದ್ದ ನೀಲಕ್ಕ ಹಿಂದಿರುಗಿ ನೋಡಲೂ ಇಲ್ಲ.

"ಹೆಲ್ಮೆಟ್ ತಂದೀರೇನ್ರಿ?" ಎಂದಷ್ಟೇ ಕೇಳಿ ಮುಂದೆ ನಡೆದರು.

ರುದ್ರೇಶಪ್ಪನವರು ಕಾಲು ಇಳಿಸಿದರು. ಆ ಸಲ ಉಳವಿಗೆ ಎಲ್ಲರಿಗಿಂತ ಕೊನೆಗೆ, ಊಟದ ಪಂಕ್ತಿ ಎದ್ದ ಮೇಲೆ, ಕುಂಟುತ್ತ ಬಂದವರು ಅವರೇ. ನಡೆದು ಬಂದದ್ದನ್ನು ಹೇಳಿಕೊಳ್ಳಲು ಬಾಯಿ ತೆರೆದರು. ಕೇಳುವವರೆಲ್ಲ ಮಲಗಿಬಿಟ್ಟಿದ್ದರು.