ಉತ್ತರದ ಸರೋವರದ ಕೆಸರು

ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಅಮೆರಿಕದ ಸೌತ್‌ಫೀಲ್ಡ್‌ನಲ್ಲಿದ್ದೆವು. ನನ್ನವರು ಕಾರ್ ಕಂಪನಿಯೊಂದರಲ್ಲಿ ಎಂಜಿನಿಯರ್. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿದ್ದ ನನಗೆ ಹದಿನೆಂಟು ಮೈಲಿ ದೂರದ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿನ ಪ್ರೊಫೆಸರಿಗೆ ಅರವತ್ತು ದಾಟಿತ್ತು. ಅವರು ಆರ್ಕ್‌ಟಿಕ್‌ನ ಸರೋವರವೊಂದರ ಮಂಜುಗಡ್ಡೆ ಕೊರೆದು, ತಳದ ಕೆಸರನ್ನು ಉದ್ದನೆಯ ಕೊಳವೆಗಳಲ್ಲಿ ತುಂಬಿ ತಂದಿದ್ದರು. ಅದರಲ್ಲಿ ಬೇಸಿಗೆಗೊಂದು ತಿಳಿಬಣ್ಣದ ಪದರ, ಚಳಿಗಾಲಕ್ಕೊಂದು ಕಪ್ಪು ಪದರ, ಕೂದಲೆಳೆಯಷ್ಟು ತೆಳ್ಳಗೆ. ಅವರು ಪದರ ಎಣಿಸಿ ವರ್ಷ ಹೇಳುತ್ತಿದ್ದರು. ನಾನು ಸೂಕ್ಷ್ಮದರ್ಶಕದಲ್ಲಿ ಪರಾಗದ ಕಣಗಳನ್ನು ನೋಡಿ ಆಗ ಏನು ಬೆಳೆದಿತ್ತೆಂದು ಹೇಳುತ್ತಿದ್ದೆ. ಈಗ ಹುಲ್ಲೂ ಸರಿಯಾಗಿ ಬಾರದ ಆ ದಡದಲ್ಲಿ ಒಂದು ಕಾಲಕ್ಕೆ ಕುರುಚಲು ಬರ್ಚ್ ಗಿಡಗಳಿದ್ದವೆಂದು ಗೊತ್ತಾದ ದಿನ ಅವರೇ ನನಗೆ ಕಾಫಿ ಮಾಡಿಕೊಟ್ಟರು.

ಕೊಳವೆಗಳು ತಣ್ಣನೆಯ ಕೋಣೆಯೊಂದರಲ್ಲಿದ್ದವು. ನೀರಿನಡಿಯಲ್ಲಿದ್ದ ಆ ಕೆಸರು ಎಂದೂ ಹೆಪ್ಪುಗಟ್ಟಿದ್ದಲ್ಲ. ಹೆಪ್ಪುಗಟ್ಟಿದರೆ ಪದರಗಳು ಒಡೆದು ಕಲಸಿಹೋಗುತ್ತವೆ. ಕೋಣೆಯನ್ನು ತಂಪಾಗಿಡುವ ಯಂತ್ರವನ್ನು ನಂಬುವಂತಿರಲಿಲ್ಲ, ಕೆಲವೊಮ್ಮೆ ಅತಿಯಾಗಿ ತಣಿಸಿಬಿಡುತ್ತಿತ್ತು. ಹಾಗಾಗಿ ಭಾನುವಾರ ಬಿಟ್ಟು ದಿನಾ ಯಾರಾದರೂ ಉಷ್ಣಮಾಪಕ ನೋಡಿ ಬಾಗಿಲ ಹಾಳೆಯಲ್ಲಿ ಬರೆಯಬೇಕಿತ್ತು. ಶನಿವಾರ ನನ್ನದು.

ಜನವರಿಯ ಒಂದು ಶನಿವಾರ ಬೆಳಗಿನಿಂದಲೇ ಹಿಮ. ನನಗಿನ್ನೂ ಕಾರು ಓಡಿಸಲು ಬರುತ್ತಿರಲಿಲ್ಲ.

“ಈ ಸ್ನೋನಲ್ಲಿ ಡ್ರೈವ್ ಮಾಡಕ್ಕಾಗಲ್ಲ ಕಣೇ,” ಎಂದರು ನನ್ನವರು. “ಅಷ್ಟು ವರ್ಷ ಇದ್ದ ಕೆಸರು ಎರಡು ದಿನಕ್ಕೆ ಎಲ್ಲಿಗ್ ಹೋಗತ್ತೆ?”

ನನಗೂ ಬೆಚ್ಚನೆಯ ಮನೆ ಬಿಡಲು ಮನಸ್ಸಿರಲಿಲ್ಲ. ಲ್ಯಾಬಿಗೆ ಫೋನ್ ಕೂಡ ಮಾಡಲಿಲ್ಲ.

ಸೋಮವಾರ ಮೊದಲು ಬಂದವಳು ನಾನೇ. ಉಷ್ಣಮಾಪಕ ಹದಿನೆಂಟು ಫ್ಯಾರನ್‌ಹೀಟಿಗೆ ಇಳಿದಿತ್ತು, ನೀರು ಹೆಪ್ಪುಗಟ್ಟುವ ಮೂವತ್ತೆರಡಕ್ಕಿಂತ ಎಷ್ಟೋ ಕೆಳಗೆ. ಕೊಳವೆಯ ಬಾಯಿಗೆ ಬೆರಳಿಟ್ಟೆ, ಕಲ್ಲು. ಶನಿವಾರದ ಖಾಲಿ ಜಾಗದಲ್ಲಿ ಎಂದಿನ ಅಂಕಿ, ಮೂವತ್ತೊಂಬತ್ತು ಎಂದು ಬರೆದೆ. ಯಾಕೆ ಬರೆದೆನೆಂದು ಯೋಚಿಸುವಷ್ಟರಲ್ಲಿ ಪ್ರೊಫೆಸರ್ ಬಂದಿದ್ದರು.

“ಶನಿವಾರ ಸರಿಯಾಗಿತ್ತೇ?” ಹಾಳೆ ನೋಡಿ ಇಂಗ್ಲಿಷಿನಲ್ಲಿ ಕೇಳಿದರು.

“ಸರಿಯಾಗಿತ್ತು,” ಎಂದೆ.

“ಹಾಗಾದರೆ ಯಂತ್ರ ಕೆಟ್ಟು ಹೆಚ್ಚು ಹೊತ್ತಾಗಿಲ್ಲ. ಒಳಭಾಗ ಉಳಿದಿರುತ್ತದೆ.”

ಆ ನಂಬಿಕೆಯ ಮೇಲೆ ಅವರು ನಾಲ್ಕು ತಿಂಗಳು ಕೂತರು. ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಆ ಕೊಳವೆಗಳನ್ನು ಒಂದೊಂದಾಗಿ ತೆರೆದು, ಮಸೂರ ಹಿಡಿದು ಪದರ ಹುಡುಕಿದರು. ನಾನು ಪಕ್ಕದಲ್ಲೇ ಕೂತು ದೀಪ ಸರಿಪಡಿಸಿಕೊಡುತ್ತಿದ್ದೆ. ಎಲ್ಲೆಲ್ಲೂ ಬೂದಿಬಣ್ಣದ ಮುದ್ದೆ. ಕೊನೆಯ ಕೊಳವೆಯನ್ನು ತೆರೆದ ದಿನ ನನಗೆ ತಡೆಯಲಾಗಲಿಲ್ಲ.

“ಆ ಶನಿವಾರ ನಾನು ಬಂದಿರಲಿಲ್ಲ,” ಎಂದೆ. “ಅಂಕಿ ಸುಳ್ಳು.”

ಅವರು ಕನ್ನಡಕ ತೆಗೆದರು.

“ಜನವರಿಯಲ್ಲೇ ಹೇಳಿದ್ದರೆ ಈ ವಸಂತದಲ್ಲಿ ಮತ್ತೆ ಹೋಗುತ್ತಿದ್ದೆ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವ ವಿಮಾನ ಕಳೆದ ತಿಂಗಳು ಹೋಗಿಯಾಯಿತು.”

ಸಂಜೆ ನನ್ನವರಿಗೆ ಹೇಳಿದಾಗ, “ಈಗ ಯಾಕೆ ಹೇಳಕ್ಕೆ ಹೋದೆ?” ಎಂದರು.

ಮುಂದಿನ ವರ್ಷ ಪ್ರೊಫೆಸರ್ ಅವರ ಹೃದಯ ಕೈಕೊಟ್ಟಿತು. ವೈದ್ಯರು ಪ್ರಯಾಣ ಬೇಡವೆಂದರು. ಆ ಸರೋವರದ ಬಗ್ಗೆ ಅವರು ಬರೆಯುತ್ತಿದ್ದ ಪ್ರಬಂಧ ಅರ್ಧಕ್ಕೇ ನಿಂತಿತು. ನನ್ನನ್ನು ಅವರು ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ನಮಸ್ಕಾರಕ್ಕೆ ನಮಸ್ಕಾರ, ಅಷ್ಟೇ. ತಮ್ಮ ನಿವೃತ್ತಿಯ ವಾರ, ಬೇರೆಯವರಿಗೆ ಕೊಳವೆಗಳು ಬೇಕಂತೆ, ತೊಳೆದಿಡಿ ಎಂದು ಚೀಟಿ ಬರೆದಿಟ್ಟರು. ನಲ್ಲಿ ಬಿಟ್ಟು ಒಂದೊಂದನ್ನೇ ತೊಳೆದೆ. ಎರಡು ದಿನ ಹಿಡಿಯಿತು. ಅವರು ಬಂದು ನೋಡಲಿಲ್ಲ.