ಅಣ್ಣನ ಕೈಗೆ ಕೊಟ್ಟ ಬಟ್ಟಲು

ಆಗೆಲ್ಲ ನಮ್ಮ ಬೀದರಿನ ಗಲ್ಲಿಯಲ್ಲಿ ಮಕ್ಕಳಿಗೆ ಎರಡೇ ಕೆಲಸ. ಆಡುವುದು, ಯಾರಾದರೂ ಕರೆದು "ಇದನ್ನ ಕೊಟ್ಟು ಬಾ" ಅಂದರೆ ಓಡುವುದು. ನೀವೂ ಓಡಿರುತ್ತೀರಿ ಬಿಡಿ. ಒಂದು ಮನೆಯ ಶೇಂಗಾ ಹಿಂಡಿ ಚಟ್ನಿ ಇನ್ನೊಂದು ಮನೆಗೆ, ಅಲ್ಲಿಂದ ಬಿಸಿ ರೊಟ್ಟಿ ಇಲ್ಲಿಗೆ. ಒಳಗೇನಿದೆ ಅಂತ ಮೂಗೇ ಹೇಳುತ್ತಿತ್ತು, ಯಾರೂ ತೆಗೆದು ನೋಡುತ್ತಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವನು ನಮ್ಮಣ್ಣ ಮಿಲಿಂದ.

ಅದಕ್ಕೇ ಇರಬೇಕು, ಪಾನ್ ಅಂಗಡಿ ಹತ್ತಿರ ನಿಲ್ಲುತ್ತಿದ್ದ ಒಬ್ಬ ಮನುಷ್ಯ ಅವನನ್ನೇ ಹಿಡಿದ. ಊಟದ ಡಬ್ಬಿ, ಬಸ್ಸಿನ ದುಡ್ಡು ಕೈಗಿಟ್ಟು, "ಔರಾದ ಬಸ್ ಸ್ಟ್ಯಾಂಡಿನಾಗ ನಮ್ಮ ತಮ್ಮ ನಿಂತಿರ್ತಾನ, ಕೊಟ್ಟು ಬಾ" ಅಂದ. ಮೊದಲ ಸಲ ಅಣ್ಣನಿಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಗಾಂಜಾ ಅಂತ. ಅಷ್ಟರಲ್ಲಿ ಕಾಲಿಗೆ ಹೊಸ ಬೂಟು ಬಂದಿತ್ತು, ಜೊತೆಗೆ "ಈ ಕೆಲಸ ಬಿಟ್ಟಿ ಅಂದ್ರ ನಿಮ್ಮಪ್ಪಗ ಹೇಳ್ತೇನಿ" ಎಂಬ ಬೆದರಿಕೆಯೂ ಬಂದಿತ್ತು. ಪೊಲೀಸರು ಆ ಮನುಷ್ಯನನ್ನೂ ಅಣ್ಣನನ್ನೂ ಹಿಡಿದಾಗ ಅಣ್ಣ ಒಂಬತ್ತನೇ ಕ್ಲಾಸು.

ಚಳಿಗಾಲವೆಲ್ಲ ಅವನು ಸರಕಾರಿ ಮಕ್ಕಳ ಮನೆಯಲ್ಲಿದ್ದ. ಅಲ್ಲಿ ಬೈಯದೆ ಮಾತಾಡಿಸುವ ಒಬ್ಬ ಮೇಡಮ್ ಇದ್ದರು. ಬಿಡುವ ದಿನ ಅವ್ವನಿಗೆ ಹೇಳಿದರು: "ಹುಡುಗ ಸುಧಾರಿಸ್ಯಾನ್ರಿ. ಇನ್ನ ಉಳಿದದ್ದು ನಿಮ್ಮ ಗಲ್ಲಿ ಕೆಲಸ."

ಬೇಸಿಗೆ ರಜೆ ಶುರುವಾದಾಗ ಮನೆಗೆ ಬಂದ. ಗೋಲಿ ಆಡುತ್ತಿದ್ದವರು ಗೋಲಿ ಎತ್ತಿಕೊಂಡು ಹೋದರು. ಕಿರಾಣಿ ಅಂಗಡಿಯ ಶಿವರಾಜ ಕಾಕಾ ಕಟ್ಟೆಯ ಮೇಲೆ ಕೂರಲೂ ಬಿಡಲಿಲ್ಲ. "ಬ್ಯಾರೆ ಹುಡುಗ್ರು ಬರ್ತಾವ ಇಲ್ಲಿ, ನೀ ಮನಿಗಿ ನಡಿ." ಯಾರೂ ಅವನ ಕೈಗೆ ಒಂದು ಲೋಟ ಸಹ ಕೊಡಲಿಲ್ಲ.

ಅಪ್ಪ ಹೇಳಿಬಿಟ್ಟ: "ರಮಜಾನ್ ಹಬ್ಬ ಆದ ಮ್ಯಾಲ ಎಕಂಬಾ ಹಳ್ಳಿಗಿ ಬಿಟ್ಟು ಬರ್ತೇನಿ. ಅಜ್ಜಿ ಮನ್ಯಾಗ ಎಮ್ಮಿ ಕಾಯ್ಲಿ."

"ಮತ್ತ ಸಾಲಿ?" ಅಂದಳು ಅವ್ವ.

ಅಪ್ಪ ಗೂಟದಿಂದ ಚೀಲ ಇಳಿಸಿದ. ಅಣ್ಣನ ಬಟ್ಟೆ ಚೀಲ ಸೇರಿದವು.

ಹಬ್ಬದ ಬೆಳಗ್ಗೆ ಗಲ್ಲಿಗೆಲ್ಲ ತುಪ್ಪದಲ್ಲಿ ಹುರಿದ ಶ್ಯಾವಿಗೆ, ಖಜೂರದ ವಾಸನೆ. ಹಾಲಿನ ಆ ಪಾಯಸ, ಶೀರ್‌ಖುರ್ಮಾ, ಹಂಚಲು ಎದುರು ಮನೆಯ ಜೈನಬ್ ಖಾಲಾ ಪ್ರತಿವರ್ಷ ನಮ್ಮನ್ನೇ ಕರೆಯುತ್ತಿದ್ದರು. ನಾವೆಲ್ಲ ಅವರ ಬಾಗಿಲಿಗೆ ಮುಗಿಬಿದ್ದೆವು. ಅಣ್ಣ ಮನೆಯೊಳಗೇ ಕೂತಿದ್ದ.

"ಮಿಲ್ಯಾ ಎಲ್ಲಿ?" ಅಂದರು ಖಾಲಾ.

ನಾನು ನಮ್ಮ ಮನೆ ಕಡೆ ನೋಡಿದೆ.

"ಏ ಮಿಲ್ಯಾ! ನವಾಬ್ ಸಾಬ್, ನಿನಗ ಕರಿಯಾಕ ಬ್ಯಾಂಡ್ ತರಸ್ಬೇಕೇನ್? ಬಾ ಇಲ್ಲಿ!"

ಬಂದ. ಖಾಲಾ ಕಸೂತಿ ಬಟ್ಟೆ ಮುಚ್ಚಿದ ಬಟ್ಟಲನ್ನು ಅವನ ಕೈಗಿಟ್ಟರು. "ಶಿವರಾಜಗ ಕೊಟ್ಟು ಬಾ."

ಅಣ್ಣ ಬಟ್ಟಲನ್ನು ಮತ್ತೆ ಅವರ ಕಡೆಗೇ ಚಾಚಿದ. "ಬ್ಯಾರೆಯವ್ರಿಗಿ ಕೊಡ್ರಿ ಖಾಲಾ. ನಾ ಒಯ್ದ್ರ ಅವ್ರು ತಗೊಳ್ಳಂಗಿಲ್ಲ."

"ತಗೊಳ್ಳದಿದ್ರ ನೀನೇ ಕುಡದ್ ಬಿಡು. ನಡಿ, ಆರ್ತದ."

ಯಾವಾಗಲೂ ಓಡುತ್ತಿದ್ದವನು ಅವತ್ತು ನಡೆದ. ಹಿಂದೆ ನಾವು. ಅಂಗಡಿ ಮುಂದೆ ನಿಂತು, ಕಾಕಾ ಬಾಯಿ ತೆರೆಯುವ ಮೊದಲೇ ಬಟ್ಟೆ ಸರಿಸಿ ತೋರಿಸಿದ.

"ಕಾಕಾ, ಶೀರ್‌ಖುರ್ಮಾನೇ ಅದ, ನೋಡ್ರಿ."

ಕಾಕಾ ಬಗ್ಗಿ ಬಟ್ಟಲೊಳಗೆ ನೋಡಿದರು. ಆಮೇಲೆ ಒಳಗೆ ಒಯ್ದು ಬೇರೆ ಪಾತ್ರೆಗೆ ಸುರಿದುಕೊಂಡು ಬಟ್ಟಲು ತೊಳೆದರು. ನಮ್ಮಲ್ಲಿ ಖಾಲಿ ಬಟ್ಟಲು ವಾಪಸ್ ಕಳಿಸುವುದಿಲ್ಲವಲ್ಲ, ಸಕ್ಕರೆ ತುಂಬಿ ತಂದರು. ನಾನು ಕೈ ಚಾಚಿದೆ. ಕಾಕಾ ನನ್ನನ್ನು ದಾಟಿ ಹೋಗಿ ಅಣ್ಣನಿಗೇ ಕೊಟ್ಟರು.

"ಚೆಲ್ಲಬ್ಯಾಡ. ಕೊಟ್ಟು ಮತ್ತ ಇಲ್ಲೇ ಬಾ, ಡಬ್ಬಿ ಹೊಂದಸೋದು ಅದ."

ಸಂಜೆ ಅವ್ವ ಚೀಲದಿಂದ ಬಟ್ಟೆ ತೆಗೆದು ಮತ್ತೆ ಗೂಟಕ್ಕೆ ಹಾಕಿದಳು. ಅಪ್ಪ ಖಾಲಿ ಚೀಲ ಮಡಚಿಟ್ಟ.

ಈಗ ಅಣ್ಣ ಭಾಲ್ಕಿಯಲ್ಲಿ ಬೈಕ್ ರಿಪೇರಿ ಮಾಡುತ್ತಾನೆ. ಗಲ್ಲಿಯಲ್ಲಿ ಮಕ್ಕಳ ಕೈಗೆ ಬಟ್ಟಲು ಕೊಡುವವರು ಕಡಿಮೆಯಾಗಿದ್ದಾರೆ. ಅದಕ್ಕೆ ಬೇಸರವಿದೆ. ಆದರೆ ನನಗೆ ಹೆಚ್ಚು ನೋಯುವುದು ಬೇರೆ. ಭಾನುವಾರ ಬಂದವನು ಹೊರಟಾಗ ಅವ್ವ ಪಲ್ಯ ಕಟ್ಟಿಕೊಡುತ್ತಾಳೆ. ಅವ್ವನೇ ಕೊಟ್ಟರೂ ಅಣ್ಣ ಮೊದಲು ಮುಚ್ಚಳ ತೆಗೆಯುತ್ತಾನೆ.

"ಬದನಿಕಾಯಿನೇ ಅದನೋ!" ಅಂತ ಅವ್ವ ನಗುತ್ತಾಳೆ. ಅವನೂ ನಗುತ್ತಾನೆ.

ನೋಡಿಯೇ ಚೀಲಕ್ಕಿಡುತ್ತಾನೆ.